ಇಟಲಿ ಪೆನ್ನು ಇರೋದು ಬರೆಯೋಕೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ದುಬಾರಿ ಪೆನ್ನುಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯ ಎತ್ತಿಕೊಂಡಿದ್ದಕ್ಕೆ ಖುಷಿ ಆಯ್ತು, ಆದ್ರೆ ಚಿನ್ನ, ವಜ್ರ, ಲಿಮಿಟೆಡ್ ಎಡಿಷನ್, ಯಾರ ಜೇಬಲ್ಲಿ ಎಷ್ಟು ಬೆಲೆ ಪೆನ್ ಇದೆ ಅನ್ನೋದರಲ್ಲೇ ಇಡೀ ಪುಟ ಮುಗಿದುಹೋಯ್ತು, ಆ ಪೆನ್ನು ಕಾಗದದ ಮೇಲೆ ಹೇಗೆ ಓಡುತ್ತೆ ಅಂತ ಒಂದು ಸಾಲೂ ಇಲ್ಲ. ಇಟಲಿ ಪೆನ್ನುಗಳನ್ನ ಒಂದೊಂದಾಗಿ ಕೂಡಿಸ್ಕೊಂಡು ದಿನಾ ಅದರಲ್ಲೇ ಬರೆಯೋ ನನಗೆ ಸುಮ್ನೆ ಇರೋಕಾಗಲಿಲ್ಲ.

ಔರೋರಾ ಕಂಪನಿನೇ ತಗೊಳ್ಳಿ. 1919ರಲ್ಲಿ ಟ್ಯೂರಿನ್‌ನಲ್ಲಿ ಶುರುವಾಗಿದ್ದು, ಇವತ್ತಿಗೂ ನಿಬ್ಬನ್ನ ತಮ್ಮ ಫ್ಯಾಕ್ಟರಿಲೇ ಮಾಡ್ತಾರೆ, ಎಷ್ಟೋ ದೊಡ್ಡ ಹೆಸರಿನ ಕಂಪನಿಗಳೇ ನಿಬ್ಬನ್ನ ಹೊರಗಿಂದ ತರಿಸ್ಕೊಳ್ಳೋ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅವರ 88 ಅನ್ನೋ ಪೆನ್ನು 1947ರಲ್ಲಿ ಬಂತು, ಡಿಸೈನ್ ಮಾಡಿದ್ದು ಮಾರ್ಚೆಲ್ಲೊ ನಿಟ್ಸೋಲಿ, ಆಮೇಲೆ ಒಲಿವೆಟ್ಟಿ ಕಂಪನಿಯ ಲೆಟೆರಾ 22 ಟೈಪ್‌ರೈಟರ್ ಡಿಸೈನ್ ಮಾಡಿದ್ರಲ್ಲ ಅದೇ ನಿಟ್ಸೋಲಿ. ಆ ನಿಬ್ಬು ಕಾಗದದ ಮೇಲೆ ಜಾರಲ್ಲ, ಸಣ್ಣಗೆ ಸೊರಸೊರ ಅನ್ನುತ್ತೆ, ಚೆನ್ನಾಗಿ ಚೂಪು ಮಾಡಿದ ಪೆನ್ಸಿಲ್ ಹಿಡಿದ ಹಾಗೆ. ಕೆಲವರಿಗೆ ಇದು ಆಗಿಬರಲ್ಲ, ಬೆಣ್ಣೆ ಥರ ಜಾರಬೇಕು ಅಂತಾರೆ. ನನಗೆ ಮಾತ್ರ ಕೈಗೆ ಹಿಡಿತ ಸಿಗೋದೇ ಇದರಲ್ಲಿ.

ಕನ್ನಡ ಬರೆಯೋರಿಗೆ ಇದರಲ್ಲಿ ಇನ್ನೊಂದು ವಿಷಯ ಇದೆ. ನಮ್ಮ ಅಕ್ಷರ ಪೂರ್ತಿ ದುಂಡಗೆ, ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ದಪ್ಪ ನಿಬ್ಬಲ್ಲಿ ‘ಲಕ್ಷ್ಮೀ’ ಅಂತ ಬರೆದು ನೋಡಿ, ಕ್ಷ ಕೆಳಗಿನ ಮಕಾರದ ಒತ್ತು ಇಂಕಲ್ಲಿ ಮುಚ್ಚಿಹೋಗುತ್ತೆ, ‘ಧ’ಕಾರದ ಹೊಟ್ಟೆ ಸೀಳು ಕಾಣೋದೇ ಇಲ್ಲ. ಔರೋರಾದ ಫೈನ್ ನಿಬ್ ನಿಜವಾಗಲೂ ಸಣ್ಣಗೆ ಬರೆಯುತ್ತೆ, ಒತ್ತುಗಳೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತವೆ. ತುದಿ ಚಪ್ಪಟೆಯಾಗಿರೋ ಸ್ಟಬ್ ನಿಬ್ ಆದ್ರೆ ಅಡ್ಡಗೆರೆ ತೆಳು, ಉದ್ದಗೆರೆ ದಪ್ಪ, ಸ್ವಲ್ಪ ದೊಡ್ಡದಾಗಿ ಬರೆದ್ರೆ ‘ಅ’ ‘ಆ’ ನೋಡೋಕೆ ಎರಡು ಕಣ್ಣು ಸಾಲದು.

ಇನ್ನು ಸೆಲ್ಯುಲಾಯ್ಡ್, ಅಂದ್ರೆ ಪೆನ್ನಿನ ಮೈಗೆ ಬಳಸೋ ಒಂದು ಥರದ ಹಳೇ ಕಾಲದ ಪ್ಲಾಸ್ಟಿಕ್. ಬೊಲೊನ್ಯಾದ ಓಮಾಸ್ ಕಂಪನಿಯನ್ನ ಅರ್ಮಾಂಡೊ ಸಿಮೋನಿ 1925ರಲ್ಲಿ ಶುರು ಮಾಡಿದ್ದು, ಮೈ ದುಂಡಗಿರದೆ ಹನ್ನೆರಡು ಮುಖ ಇರೋ ಅವರ ಸೆಲ್ಯುಲಾಯ್ಡ್ ಪೆನ್ನು ಈ ಹವ್ಯಾಸ ಇರೋರಿಗೆಲ್ಲ ಗೊತ್ತು. ಸೆಲ್ಯುಲಾಯ್ಡ್‌ನಲ್ಲಿ ಕರ್ಪೂರ ಸೇರಿರೋದ್ರಿಂದ ಕ್ಯಾಪ್ ಬಿಚ್ಚಿದ ಕೂಡ್ಲೇ ಘಮ್ ಅಂತ ವಾಸನೆ ಬರುತ್ತೆ. ಇದನ್ನ ಮಾಡೋದು ಬಲು ಕಷ್ಟ, ಸರಳುಗಳನ್ನ ತಿಂಗಳುಗಟ್ಟಲೆ ಒಣಗಿಸ್ಬೇಕು, ಆತುರ ಮಾಡಿದ್ರೆ ಪೆನ್ ಮಾಡಿದ ಮೇಲೆ ಕುಗ್ಗಿ ಸೊಟ್ಟ ಆಗುತ್ತೆ, ಜೊತೆಗೆ ಬೇಗ ಬೆಂಕಿ ಹೊತ್ತಿಕೊಳ್ಳೋ ವಸ್ತು ಬೇರೆ. ಓಮಾಸ್ 2016ರಲ್ಲಿ ಮುಚ್ಚಿತು. ನೇಪಲ್ಸ್ ಹತ್ರದ ಡೆಲ್ಟಾ ಕಂಪನಿ ಕೂಡ ಅದೇ ಸುಮಾರಿಗೆ ಬಾಗಿಲು ಹಾಕ್ತು, ಆದ್ರೆ ಅದರ ಸ್ಥಾಪಕರಲ್ಲಿ ಒಬ್ಬರಾದ ಚಿರೋ ಮಟ್ರೋನೆ ಅವರ ಮಗ ಸಾಲ್ವತೋರೆ 2018ರಲ್ಲಿ ಲಿಯೊನಾರ್ಡೊ ಅಂತ ಹೊಸ ಕಂಪನಿ ಕಟ್ಟಿದ್ರು, ಅವರ ಮೊಮೆಂಟೊ ಝೀರೋ ಇವತ್ತು ಎಷ್ಟೋ ಜನರ ಮೊದಲ ಇಟಲಿ ಪೆನ್ನು. ಹೇಳಬೇಕಾದ ಕಥೆ ಇದು ಅಲ್ವಾ ಸಾರ್? ಕಂಪನಿ ಹೋದ್ರೂ ಕೈಕೆಲಸ ಹೋಗಬಾರದು ಅಂತ ಮತ್ತೆ ಲೇತ್ ಮುಂದೆ ಕೂತವರ ಕಥೆ.

ಇವು ಅಗ್ಗದ ವಸ್ತು ಅಂತ ನಾನು ಹೇಳ್ತಿಲ್ಲ, ಹತ್ತಾರು ಸಾವಿರ ಆಗುತ್ತೆ, ಕಸ್ಟಮ್ಸ್ ಸುಂಕ ಸೇರಿದ್ರೆ ಇನ್ನೂ ಜಾಸ್ತಿ. ಅಷ್ಟು ದುಡ್ಡು ಕೊಟ್ಟು ಡಬ್ಬಿಯಿಂದ ಆಚೆ ತೆಗೀದೆ, ಮುಂದೆ ರೇಟ್ ಏರುತ್ತೆ ಅಂತ ಬೀರುವಿನಲ್ಲಿ ಇಡೋದು ಅದನ್ನ ಮಾಡಿದವರಿಗೆ ಮಾಡೋ ಅನ್ಯಾಯ. ಇಂಕ್ ತುಂಬಿಸಿ ಮರೆತು ಇಟ್ರಂತೂ ಒಳಗೇ ಒಣಗಿ ಇಂಕ್ ಎಳೆದುಕೊಳ್ಳೋ ಪಿಸ್ಟನ್ ಬಿಗಿಯುತ್ತೆ, ದಿನಾ ನಾಲ್ಕು ಸಾಲು ಬರೀತಿದ್ರೆ ಆ ತೊಂದರೆನೇ ಇಲ್ಲ.

ಮನೆಯಲ್ಲಿ ಹಿರಿಯರ ಕಾಲದ ಸೆಲ್ಯುಲಾಯ್ಡ್ ಪೆನ್ ಯಾರ ಹತ್ರನಾದ್ರೂ ಇದ್ರೆ ಒಂದು ಮಾತು: ತೊಳೆಯೋಕೆ ಸ್ಪಿರಿಟ್ ಆಗಲಿ ಬಿಸಿನೀರಾಗಲಿ ಬೇಡ, ಮೈ ಕರಗುತ್ತೆ ಇಲ್ಲಾ ಸೊಟ್ಟ ಆಗುತ್ತೆ. ತಣ್ಣೀರಲ್ಲಿ ನಿಧಾನಕ್ಕೆ ತೊಳೆದು ಒಣಗಿಸಿ ಸಾಕು. ಡಬ್ಬಿಲಿ ಗಾಳಿಯಾಡದ ಹಾಗೆ ಮುಚ್ಚಿಡಬೇಡಿ, ಬಿಸಿಲಲ್ಲೂ ಇಡಬೇಡಿ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ, ಇದೇ ಪುರವಣಿಲಿ ಇನ್ನೊಂದು ಲೇಖನ ಹಾಕಿ, ಈ ಸಲ ನಿಬ್ ಬಗ್ಗೆ, ಇಂಕ್ ಹರಡದ ಕಾಗದದ ಬಗ್ಗೆ, ಈ ಪೆನ್ನುಗಳಲ್ಲಿ ಕನ್ನಡ ಬರೆಯೋರ ಬಗ್ಗೆ ಇರಲಿ, ಜೊತೆಗೆ ಅವರ ಕೈಬರಹದ ಫೋಟೋನೂ ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಮೈಸೂರು