ನಿನ್ನ ಪತ್ರದ ಆ ಒಂದು ಸಾಲಿಗೆ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ಬೇರೆ ಸುದ್ದಿಗೆಲ್ಲ ಆಮೇಲೆ ಬರೆಯುತ್ತೇನೆ. "ಹತ್ತು ಕೊಂಬಿನ ಮೃಗ ಯುರೋಪಿನಲ್ಲಿ ಎದ್ದಾಗಿದೆ, ಇಂಥ ಕಾಲದಲ್ಲಿ ಮಗು ಹೆರೋದು ತಪ್ಪಲ್ವಾ ದೊಡ್ಡಮ್ಮ" ಅಂತ ಕೇಳಿದ್ದೀಯಲ್ಲ, ಆ ಸಾಲು ಓದಿದ ಮೇಲೆ ಮಿಕ್ಕಿದ್ದು ನನ್ನ ತಲೆಗೆ ಹೋಗಲೇ ಇಲ್ಲ.

ಬೈಬಲಿನ ದಾನಿಯೇಲನ ಪುಸ್ತಕದಲ್ಲೂ ಪ್ರಕಟನೆಯಲ್ಲೂ ಹತ್ತು ಕೊಂಬಿನ ಮೃಗ ಬರುತ್ತೆ, ಕೊಂಬುಗಳು ಅಂದರೆ ಹತ್ತು ಅರಸರು ಅಂತಿದೆ, ಆ ಮೃಗವೇ ರೋಮ್ ಸಾಮ್ರಾಜ್ಯ ಅಂತ ಬಹಳ ಜನ ಅರ್ಥ ಮಾಡುತ್ತಾರೆ, ಅದೆಲ್ಲ ನಿನಗೆ ಸಂಡೇ ಸ್ಕೂಲಿನಿಂದಲೇ ಗೊತ್ತು. ಆದರೆ ನಿನಗೆ ವಿಡಿಯೋದಲ್ಲಿ ಸಿಕ್ಕಿರುವ ಲೆಕ್ಕವನ್ನು ನಾನು ಹುಡುಗಿಯಾಗಿದ್ದಾಗಲೇ ಕೇಳಿದ್ದೇನೆ. ಈಗಿನ ಯುರೋಪಿಯನ್ ಯೂನಿಯನ್ ಶುರುವಾದ ಒಪ್ಪಂದಕ್ಕೆ 1957ರಲ್ಲಿ ಆರು ದೇಶಗಳು ಸಹಿ ಹಾಕಿದ್ದು ರೋಮ್ ನಗರದಲ್ಲೇ. ಅಷ್ಟು ಸಾಕಾಯಿತು, ಹಳೇ ರೋಮ್ ಸಾಮ್ರಾಜ್ಯ ಮತ್ತೆ ಏಳುತ್ತಿದೆ ಅಂತ ಪ್ರವಾದನೆ ಬಿಡಿಸುವವರು ಹೇಳತೊಡಗಿದರು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿ ಒಂಬತ್ತಾಯಿತು. 1981ರ ಜನವರಿ 1ಕ್ಕೆ ಗ್ರೀಸ್ ಸೇರಿತು, ಹತ್ತಾಯಿತು. ಒಂದು ಕೂಟದಲ್ಲಿ ಪ್ರಸಂಗ ಮಾಡಲು ಬಂದವರು ಕಪ್ಪು ಹಲಗೆ ಮೇಲೆ ಮೃಗದ ತಲೆ ಬರೆದು, ಒಂದೊಂದು ಕೊಂಬಿನ ಪಕ್ಕ ಒಂದೊಂದು ದೇಶದ ಹೆಸರು ಬರೆದರು. ಗ್ರೀಸ್ ಬರೆಯುವ ಹೊತ್ತಿಗೆ ಜಾಗ ಸಾಲದೆ ಹಲಗೆಯ ಅಂಚಿಗೆ ಅಕ್ಷರ ಒತ್ತೊತ್ತಾಗಿತ್ತು. ಮನೆಗೆ ಹೋಗುವಾಗ ನಾವು ಹುಡುಗಿಯರು ಯಾರೂ ಮಾತಾಡಲಿಲ್ಲ.

1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾಯಿತು. ಆ ಹಲಗೆ ಬರೆದವರು ವಾಪಸ್ ಬಂದು ನಮಗೆ ಏನೂ ಹೇಳಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಆಮೇಲೂ ಲೆಕ್ಕ ನಿಲ್ಲಲಿಲ್ಲ ಮಗಳೇ. ಪಶ್ಚಿಮ ಯುರೋಪಿಯನ್ ಯೂನಿಯನ್ ಅಂತ ರಕ್ಷಣೆಗೆ ಸಂಬಂಧಪಟ್ಟ ಬೇರೆ ಒಂದು ಕೂಟ ಇತ್ತು, 1995ರಲ್ಲಿ ಅದರಲ್ಲಿ ಪೂರ್ಣ ಸದಸ್ಯರು ಹತ್ತಾದರು. ಅದೇ ಮೃಗ ಅಂದರು. 2011ರಲ್ಲಿ ಅದನ್ನು ಮುಚ್ಚಿಬಿಟ್ಟರು. ಯುರೋಪಿಯನ್ ಯೂನಿಯನ್ 2004ರಲ್ಲಿ 25 ಆಯಿತು, 2013ರಲ್ಲಿ 28, 2020ರಲ್ಲಿ ಬ್ರಿಟನ್ ಬಿಟ್ಟು ಹೋಗಿ 27. ಈಗ ಕೆಲವರು ಹತ್ತು ದೇಶ ಅಲ್ಲ, ಇಡೀ ಲೋಕವನ್ನು ಹತ್ತು ಭಾಗ ಮಾಡುತ್ತಾರೆ ಅನ್ನುತ್ತಾರೆ. ಇನ್ನು ಕೆಲವರು ಯುರೋಪೇ ಅಲ್ಲ, ಮಧ್ಯಪ್ರಾಚ್ಯ ಅನ್ನುತ್ತಾರೆ. ದಾನಿಯೇಲನ ನಾಲ್ಕನೆಯ ಮೃಗ, ಅಂದರೆ ನಾಲ್ಕನೆಯ ರಾಜ್ಯ, ರೋಮ್, ಅದನ್ನು ಹತ್ತು ರಾಜರು ಹಂಚಿಕೊಳ್ಳುತ್ತಾರೆ ಅಂತ ಹಳೇ ಕಾಲದ ಬೈಬಲ್ ಪಂಡಿತ ಜೆರೋಮ್ ಬರೆದು 1,600 ವರ್ಷ ಆಯಿತು. ನೆಪೋಲಿಯನ್ ಕಾಲದಲ್ಲಿ ಆ ಮೃಗ ಅವನೇ ಅಂದರು, ಮುಸೊಲಿನಿ ಬಂದಾಗ ಅವನೇ ಅಂದರು. ಹೇಳಿದವರೆಲ್ಲ ಸುಳ್ಳರು ಅಂತ ನಾನು ಹೇಳಲ್ಲ. ಎಷ್ಟೋ ಜನ ಕರ್ತನನ್ನು ನಿಜವಾಗಿ ಪ್ರೀತಿಸಿದವರು. ಕರ್ತನು ಬರುತ್ತಾನೆ ಅಂತ ನಾನೂ ನಂಬುತ್ತೇನೆ, ದಿನಾ ಪ್ರಾರ್ಥನೆಯಲ್ಲಿ ಕೇಳುತ್ತೇನೆ. ಆದರೆ ಆ ಹಲಗೆ ನೋಡಿಕೊಂಡು ನೀನು ಮಗು ಬೇಡ ಅನ್ನುವುದು ನನಗೆ ತಡೆಯಲಾಗುತ್ತಿಲ್ಲ.

ಆ ಭಯ ಹೇಗಿರುತ್ತೆ ಅಂತ ನನಗೆ ಗೊತ್ತು. ಒಂದು ಸಂಜೆ ಮನೆಗೆ ಬಂದೆ. ಬಾಗಿಲು ತೆರೆದಿತ್ತು, ರೇಡಿಯೋ ಹಾಡುತ್ತಿತ್ತು, ಎಲ್ಲರ ಚಪ್ಪಲಿ ಅಲ್ಲೇ ಇತ್ತು, ಒಳಗೆ ಒಬ್ಬರೂ ಇಲ್ಲ. ಸಭೆ ಎತ್ತಲ್ಪಟ್ಟಿದೆ, ನಂಬಿದವರನ್ನೆಲ್ಲ ಕರ್ತನು ಪರಲೋಕಕ್ಕೆ ಕರೆದುಕೊಂಡು ಹೋದ, ನಾನೊಬ್ಬಳೇ ಉಳಿದೆ ಅಂತಲೇ ಅಂದುಕೊಂಡೆ. ಮೊದಲು ಹುಡುಕಿದ್ದು ನಿಮ್ಮಮ್ಮನನ್ನು. ಅವಳು ಚಿಕ್ಕವಳು, ಅವಳನ್ನಂತೂ ಕರ್ತನು ಬಿಟ್ಟು ಹೋಗುವುದಿಲ್ಲ, ಅವಳು ಇದ್ದರೆ ಏನೂ ಆಗಿಲ್ಲ ಅಂತ ನನ್ನ ಲೆಕ್ಕ. ಹಿತ್ತಲಲ್ಲಿ ಕೂತು ಏನೋ ಆಡಿಕೊಂಡಿದ್ದಳು. ಅವಳನ್ನು ತಬ್ಬಿಕೊಂಡು ಅತ್ತೆ. ಯಾಕೆ ಅಂತ ಹೇಳಲಿಲ್ಲ. ಹೇಳಬೇಕಿತ್ತು. ಆಗ ಇದೇ ಭಯಕ್ಕೆ ಟೀಚರ್ ಟ್ರೈನಿಂಗಿಗೆ ಹೋಗದೇ ಇದ್ದದ್ದು ನಿನಗೆ ಗೊತ್ತಿರೋದೇ, ಅದಕ್ಕಿಂತ ಈ ಬಾಯಿ ಬಿಡದ ವಿಷಯವೇ ನನಗೆ ಜಾಸ್ತಿ ಕೊರೆಯುತ್ತೆ.

ಯಾಕೆಂದರೆ 1991ರಲ್ಲಿ, ಕೊಲ್ಲಿ ಯುದ್ಧದ ಹೊತ್ತಿನಲ್ಲಿ, ಇರಾಕಿನ ಸದ್ದಾಮ್ ಬೈಬಲಿನ ಹಳೇ ಊರು ಬಾಬೆಲನ್ನು ಮತ್ತೆ ಕಟ್ಟಿಸುತ್ತಿದ್ದಾನೆ, ಹರ್ಮಗೆದೋನ್ ಅನ್ನುವ ಕಡೇ ಯುದ್ಧ ಶುರುವಾಯಿತು ಅಂತ ಎಲ್ಲ ಕಡೆ ಪ್ರಸಂಗ ನಡೆಯುತ್ತಿದ್ದಾಗ, ನಿಮ್ಮಮ್ಮ ನಿನ್ನನ್ನು ಹೊತ್ತಿದ್ದಳು. ಒಂದು ರಾತ್ರಿ ನನ್ನ ಹತ್ತಿರ ಬಂದು ನೀನು ಈಗ ಕೇಳಿದ್ದನ್ನೇ ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ. ಸುಮ್ನೆ ಪಕ್ಕದಲ್ಲಿ ಮಲಗಿದೆ. ಅವಳು ಹೆದರಿಕೊಂಡೇ ಹೆತ್ತಳು, ನೀನು ಹುಟ್ಟಿದೆ. ಇದನ್ನು ಅವಳು ನಿನಗೆ ಹೇಳಿದ್ದಾಳೋ ಇಲ್ಲವೋ. ಇಲ್ಲದಿದ್ದರೆ ಅವಳನ್ನೇ ಕೇಳು, ನಾನು ಹೇಳಿದೆ ಅಂತ ಹೇಳು.

ನೀನು ಮತ್ತಾಯ 24:19 ಬರೆದಿದ್ದೀಯ, ಆ ದಿನಗಳಲ್ಲಿ ಬಸುರಿಯರ, ಮೊಲೆಯೂಡಿಸುವವರ ಗತಿ ಏನು ಅಂತ. ಅದರ ಹಿಂದೆ ಮುಂದೆ ಓದು. ಯೂದಾಯದಲ್ಲಿ ಇರುವವರು ಬೆಟ್ಟಕ್ಕೆ ಓಡಲಿ, ಓಡಿಹೋಗುವುದು ಚಳಿಗಾಲದಲ್ಲಿ ಬಾರದಿರಲಿ ಅಂತ ಇದೆ. ಲೂಕ 21ರಲ್ಲಿ ಇದೇ ಮಾತು ಯೆರೂಸಲೇಮಿಗೆ ದಂಡು ಮುತ್ತಿಗೆ ಹಾಕುವುದರ ಜೊತೆಗೇ ಬರುತ್ತೆ. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಆ ಊರನ್ನು ನೆಲಸಮ ಮಾಡಿತು. ಬಹಳ ಜನ ಓದುವವರು ಅದನ್ನೇ ಅಲ್ಲಿ ಕಾಣುತ್ತಾರೆ, ಕೆಲವರು ಇನ್ನೂ ಬರಬೇಕಾದ್ದು ಅಂತಾರೆ. ಹೇಗೇ ಇರಲಿ, ಓಡಲಾಗದ ಹೆಂಗಸರನ್ನು ನೆನೆದು ಯೇಸು ಮರುಗಿದ್ದು ಅದು. ಮಕ್ಕಳನ್ನು ಹೆರಬೇಡಿ ಅಂತ ಅಲ್ಲಿ ಎಲ್ಲಿದೆ ಹೇಳು?

ಯೆರೆಮೀಯ 29 ಕೂಡ ಓದು. ನಿಜವಾದ ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ಮಕ್ಕಳನ್ನು ಹೆತ್ತು ಅಲ್ಲಿ ಹೆಚ್ಚಿರಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥಿಸಿರಿ ಅಂತ. ನೀನು ಹುಷಾರಿ, 16ನೆಯ ಅಧ್ಯಾಯ ತೋರಿಸುತ್ತೀಯ, ಅಲ್ಲಿ ಯೆರೆಮೀಯನಿಗೇ ಹೆಂಡತಿ ಮಕ್ಕಳು ಬೇಡ ಅಂದಿದೆ. ಹೌದು. ಅದು ಅವನಿಗೆ, ಆ ಸ್ಥಳಕ್ಕೆ, ದೇವರು ನೇರ ಹೇಳಿದ್ದು. ನಿನಗೆ ಹಾಗೆ ಹೇಳಿದ್ದು ದೇವರಾ, ಫೋನಿನ ವಿಡಿಯೋನಾ? ಗದರಿಸುತ್ತಿಲ್ಲ ಮಗಳೇ, ನಿಜವಾಗಲೂ ಕೇಳುತ್ತಿದ್ದೇನೆ. ದಾನಿಯೇಲನೂ ಅಷ್ಟೇ, ಆ ಮೃಗಗಳನ್ನು ಕನಸಿನಲ್ಲಿ ಕಂಡ ಮೇಲೂ ಬಾಬೆಲಿನ ಅರಸರ ಕೆಲಸ ಮಾಡಿಕೊಂಡೇ ಇದ್ದ.

ರಾತ್ರಿ ಮಲಗುವ ಮುಂಚೆ ಅಂಥದ್ದು ನೋಡಬೇಡ. ಇದೊಂದು ದೊಡ್ಡ ಸಲಹೆಯಾ ಅಂತೀಯೇನೋ, ನನಗೆ ಹೊಳೆಯುತ್ತಿರೋದು ಇಷ್ಟೇ. ಕರ್ತನ ದಿನ ಬಂದೇಬಿಟ್ಟಿತು ಅಂತ ಯಾರಾದರೂ ಹೇಳಿದರೆ ಬೇಗ ಕಳವಳಪಡಬೇಡಿ ಅಂತ ಪೌಲನು ಥೆಸಲೋನಿಕದವರಿಗೆ ಎರಡನೆಯ ಪತ್ರದಲ್ಲೇ ಬರೆದಿದ್ದಾನೆ, ಅದನ್ನು ಗಂಡನ ಜೊತೆ ಕೂತು ಓದು. ಅವನಿಗೆ ನಿನ್ನ ಭಯ ಹೇಳಿದ್ದೀಯಾ? ಪತ್ರದಲ್ಲಿ ಅವನ ಮಾತೇ ಇಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ದರೆ ಡಾಕ್ಟರ್ ಹತ್ತಿರ ಹೋಗು, ಅದು ನಂಬಿಕೆ ಕಡಿಮೆ ಆಯಿತು ಅಂತಲ್ಲ.

ಮಗು ಬೇಕೋ ಬೇಡವೋ ನೀವಿಬ್ಬರೂ ಯೋಚಿಸಿ. ಬೇರೆ ಕಾರಣಕ್ಕೆ ಬೇಡ ಅಂದರೆ ನಾನು ಒಂದು ಮಾತೂ ಆಡಲ್ಲ. ಈ ಕಾರಣಕ್ಕೆ ಮಾತ್ರ ಬೇಡ.

ಆ ವಿಡಿಯೋದವರು 27 ದೇಶಗಳಲ್ಲಿ ಯಾವ ಹತ್ತು ಅಂತ ಹೇಳಿದ್ದಾರೆ? ಹೆಸರು ಬರೆದು ಕಳಿಸು, ಕೂತು ನೋಡೋಣ.

ನಿನ್ನ ದೊಡ್ಡಮ್ಮ