ಚಿಕ್ಕಪ್ಪನಿಗೆ ಬಂದ ಲಕೋಟೆ

ಲೆಸ್ಟರ್
ಜನವರಿ 2026

ತೀರ್ಥರೂಪ ಅಪ್ಪನಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾವು ಮೂವರೂ ಕ್ಷೇಮ.

ಚಿಕ್ಕಪ್ಪನ ಮನೆಗೆ ಇಂಗ್ಲೆಂಡಿನಿಂದ ದಪ್ಪ ಲಕೋಟೆ ಬಂದಿದೆ, ಕೋರ್ಟ್ ನೋಟಿಸಂತೆ ಅಂತ ಊರಲ್ಲೆಲ್ಲ ಮಾತು ಎದ್ದಿದೆ ಎಂದು ಅಮ್ಮ ಫೋನಿನಲ್ಲಿ ಅತ್ತಳು. ಅವಳು ಅಳುವಾಗ ಲೆಕ್ಕ ಬಿಡಿಸಿ ಹೇಳೋದು ಹೇಗೆ? ಅದಕ್ಕೆ ಬರೆಯುತ್ತಿದ್ದೇನೆ. ಚಿಕ್ಕಪ್ಪನಿಗೂ ಓದಿ ಹೇಳಿ.

ಅದು ಕೋರ್ಟ್ ನೋಟಿಸ್ ಅಲ್ಲ. ನನ್ನ ಸಾಲಗಳೆಲ್ಲ ಈಗ ಒಂದೇ ಒಪ್ಪಂದದ ಕೆಳಗೆ ಬಂದಿವೆ. ಇಲ್ಲಿ ಅದಕ್ಕೆ ಐವಿಎ ಅನ್ನುತ್ತಾರೆ, 1986ರ ದಿವಾಳಿ ಕಾನೂನಿನಲ್ಲಿ ಇರುವ ದಾರಿ. ದಿವಾಳಿ ವ್ಯವಹಾರ ನೋಡಿಕೊಳ್ಳಲು ಲೈಸೆನ್ಸ್ ಇರುವ ಒಬ್ಬರು ಮಧ್ಯೆ ನಿಂತು, ನಾನು ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಅಂತ ನೋಡಿ, ಸಾಲ ಕೊಟ್ಟವರ ಮುಂದೆ ಇಡುತ್ತಾರೆ. ಓಟು ಹಾಕಿದವರಲ್ಲಿ ಸಾಲದ ಮೊತ್ತದ ಲೆಕ್ಕದಲ್ಲಿ ಶೇ 75ರಷ್ಟು ಒಪ್ಪಿದರೆ ಸಾಕು, ಒಪ್ಪದವರೂ ಅದಕ್ಕೆ ಬದ್ಧರು. ಬಡ್ಡಿ ನಿಲ್ಲುತ್ತದೆ, ಫೋನ್ ಮಾಡಿ ಪೀಡಿಸೋದು ನಿಲ್ಲುತ್ತದೆ. ನನ್ನದು 5 ವರ್ಷ. ಅಷ್ಟರಲ್ಲಿ ತೀರದೆ ಉಳಿದದ್ದು ಮನ್ನಾ.

ಮನ್ನಾ ಅಂದ ಕೂಡಲೇ ನಿಮಗೆ 2018ರಲ್ಲಿ ಸೊಸೈಟಿ ಸಾಲ ಮನ್ನಾ ಆದದ್ದು ನೆನಪಾಗಬಹುದು. ಅದೇ ಬೇರೆ. ಅಲ್ಲಿ ಸರ್ಕಾರ ಕಟ್ಟಿತು. ಇಲ್ಲಿ ನಾನು ಕಟ್ಟಬೇಕು, ಉಳಿದ ನಷ್ಟ ಕೊಟ್ಟವರದ್ದು. ಆ ಕೊಟ್ಟವರಲ್ಲಿ ಚಿಕ್ಕಪ್ಪನೂ ಒಬ್ಬರು. ಅದೇ ಈ ಲಕೋಟೆಯ ಕಥೆ.

ಹೋಟೆಲು ನನ್ನ ಸ್ವಂತ ಹೆಸರಿನಲ್ಲಿತ್ತು, ಕಂಪನಿ ಮಾಡಿರಲಿಲ್ಲ. 2022ರಲ್ಲಿ ಗ್ಯಾಸ್, ಕರೆಂಟು ದರ ಏರಿ ಅಡುಗೆಮನೆ ನಡೆಸೋದೇ ಕಷ್ಟ ಆಯಿತು ಅಂತ ಆಗಲೇ ಹೇಳಿದ್ದೆ. ಬಾಗಿಲು ಹಾಕಿದ ಮೇಲೆ ಸಾಲವೆಲ್ಲ ನನ್ನ ತಲೆಗೇ ಬಂತು. ಎರಡು ಬ್ಯಾಂಕು, ಕಾರ್ಡುಗಳು, ತರಕಾರಿ ಕೊಡುತ್ತಿದ್ದ ಗುಜರಾತಿ ಯಜಮಾನರು, ಕೊಬ್ಬರಿ ಮಾರಿದ ದುಡ್ಡಿನಲ್ಲಿ 2 ಲಕ್ಷ ಕೊಟ್ಟ ಚಿಕ್ಕಪ್ಪ. ಪಟ್ಟಿಯಲ್ಲಿ ಎಲ್ಲರ ಹೆಸರೂ ಬರೆಯಲೇಬೇಕು. ಸಂಬಂಧಿಕರು ಅಂತ ಯಾರನ್ನೋ ಬೇಕಂತಲೇ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಅದು ಅಪರಾಧ. ಕಾಗದ ತಿಪಟೂರು ದಾಟಿ ಮನೆ ಮುಟ್ಟುವಷ್ಟರಲ್ಲಿ ಓಟಿನ ದಿನ ಮುಗಿದಿತ್ತು. ಮುಟ್ಟಿದ್ದರೂ ಬ್ಯಾಂಕುಗಳ ಮೊತ್ತದ ಮುಂದೆ ಚಿಕ್ಕಪ್ಪನ ಓಟು ಲೆಕ್ಕಕ್ಕೆ ಬರುತ್ತಿರಲಿಲ್ಲ ಬಿಡಿ.

ಮಾವ ಒಂದು ಉಪಾಯ ಹೇಳಿದ್ದಾರೆ. ಊರಿಗೆ ಬರುವವರ ಕೈಯಲ್ಲಿ ಸ್ವಲ್ಪ ಸ್ವಲ್ಪ ದುಡ್ಡು ಕಳಿಸು, ಚಿಕ್ಕಪ್ಪನದ್ದು ಮೊದಲು ತೀರಿಸು, ಬ್ಯಾಂಕಿನವರಿಗೆ ಏನಾಗುತ್ತೆ ಅಂತ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಬ್ಯಾಂಕು ಮುಳುಗಲ್ಲ, ಚಿಕ್ಕಪ್ಪನಿಗೆ ಹೊಡೆತ ಬೀಳುತ್ತದೆ. ಆದರೆ ಒಪ್ಪಂದ ಅಂದರೆ ಸಮಪಾಲು. 100 ಪೌಂಡಿಗೆ ಸುಮಾರು 40 ಬರುತ್ತದೆ ಅಂತ ಅಂದಾಜು, ಅದು ಬ್ಯಾಂಕಿಗೂ ಅಷ್ಟೇ, ಚಿಕ್ಕಪ್ಪನಿಗೂ ಅಷ್ಟೇ. ನಾನು ಕದ್ದು ಚಿಕ್ಕಪ್ಪನಿಗೆ ಕೊಟ್ಟರೆ ಆ ದುಡ್ಡು ತರಕಾರಿ ಯಜಮಾನರ ಪಾಲಿನಿಂದಲೂ ಹೋಗುತ್ತದೆ. ಅವರದ್ದೂ ಸಣ್ಣ ವ್ಯಾಪಾರವೇ. ರಸ್ತೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ, ಮುಂಚಿನಷ್ಟಲ್ಲ.

5 ವರ್ಷ ಮುಗಿದ ಮೇಲೆ ನನ್ನ ದುಡ್ಡು ನನ್ನದು. ಆಗ ಯಾರಿಗೆ ಏನು ಕೊಟ್ಟರೂ ಯಾರೂ ಕೇಳಲ್ಲ. ಆದರೆ ಈಗಲೇ ಆ ಮಾತು ಕೊಡಬೇಡಿ ಅಂತ ಮಧ್ಯೆ ನಿಂತವರು ಹೇಳಿದ್ದಾರೆ, ಕೊಟ್ಟರೆ ಅದು ಒಳಒಪ್ಪಂದ ಆಗುತ್ತದೆ. ಹಾಗಾಗಿ ಕೊಡುತ್ತಿಲ್ಲ. ಚಿಕ್ಕಪ್ಪ ನನ್ನನ್ನು ಎತ್ತಿ ಆಡಿಸಿದವರು, ಅಷ್ಟು ಗೊತ್ತು ಮಾಡಿಕೊಳ್ಳುತ್ತಾರೆ.

ಜೀವನ ಹೇಗೆ ನಡೆಯುತ್ತದೆ ಅಂತ ಅಮ್ಮ ಕೇಳಿದಳು. ಒಪ್ಪಂದ ಮಾಡಿಸುವ ಆಫೀಸಿನವರು ಮೊದಲು ಒಂದು ಖರ್ಚಿನ ಪಟ್ಟಿ ತುಂಬಿಸಿದರು. ಬಾಡಿಗೆ, ಕೌನ್ಸಿಲ್ ತೆರಿಗೆ, ದಿನಸಿ, ಬಸ್ಸು, ಬಟ್ಟೆ, ಕೂದಲು ಕಟಿಂಗಿನವರೆಗೆ ಒಂದೊಂದಕ್ಕೂ ಸಾಲು. ಆ ಆಫೀಸಿನ ಹುಡುಗಿಯೊಬ್ಬಳು ಫೋನಿನಲ್ಲಿ ಮರ್ಯಾದೆಯಾಗಿಯೇ ಕೇಳಿದಳು, ಊರಿಗೆ ಏಕೆ ದುಡ್ಡು ಕಳಿಸುತ್ತೀರಿ ಅಂತ. ನಿಮ್ಮ ಬಿಪಿ ಮಾತ್ರೆ, ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆ, ಮೆಡಿಕಲ್ ಸ್ಟೋರಿನ ಬಿಲ್ಲಿನ ಫೋಟೊ ಎಲ್ಲ ಕಳಿಸಿದೆ. ಅದಕ್ಕೆ ಬೇಕಾದಷ್ಟನ್ನು ಪಟ್ಟಿಯಲ್ಲಿ ಬಿಟ್ಟರು. ಹಬ್ಬಕ್ಕೆ ಕಳಿಸುತ್ತಿದ್ದದ್ದನ್ನು ಹೊಡೆದುಹಾಕಿದರು. ಗೌರಿಹಬ್ಬಕ್ಕೆ ಸೀರೆ ದುಡ್ಡು ಬರಲಿಲ್ಲ ಅಂತ ಅಕ್ಕ ಮುನಿಸಿಕೊಂಡಿದ್ದು ಇದಕ್ಕೇ.

ಈಗ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಕ್ರಿಸ್‌ಮಸ್‌ನಲ್ಲಿ ಜಾಸ್ತಿ ಶಿಫ್ಟ್ ಮಾಡಿದೆ. ಮಾಮೂಲಿ ಸಂಬಳದ ಮೇಲೆ ಶೇ 10ರವರೆಗೆ ಬಂದದ್ದು ನಮಗೆ, ಅದರ ಮೇಲಿನದ್ದರಲ್ಲಿ ಅರ್ಧ ಒಪ್ಪಂದಕ್ಕೆ. ವರ್ಷಕ್ಕೊಮ್ಮೆ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ ಎಲ್ಲ ಕೊಡಬೇಕು. ಮಧ್ಯೆ ನಿಂತವರ ಫೀಸೂ ನಾನು ಕಟ್ಟುವ ದುಡ್ಡಿನಲ್ಲೇ ಹೋಗುತ್ತದೆ. ಅದು ಚಿಕ್ಕಪ್ಪನಂಥವರಿಗೆ ಸೇರಬೇಕಾದದ್ದು ಅಲ್ವಾ ಅಂತ ಸಿಟ್ಟು ಬರುತ್ತದೆ, ಆದರೆ ನಿಯಮ ಹಾಗಿದೆ.

ಊಟಕ್ಕೆ ಏನೂ ಕಡಿಮೆ ಇಲ್ಲ. ಬೆಲ್‌ಗ್ರೇವ್ ರಸ್ತೆಯ ಅಂಗಡಿಯಲ್ಲಿ ರಾಗಿಹಿಟ್ಟು, ಹುರುಳಿಕಾಳು ಎರಡೂ ಸಿಗುತ್ತವೆ. ನಿಮ್ಮ ಸೊಸೆ ಭಾನುವಾರ ಹುರುಳಿ ಬೇಯಿಸಿದರೆ ಕಟ್ಟಿನ ಸಾರು ಎರಡು ದಿನ, ಕಾಳಿನ ಪಲ್ಯ ಮೂರನೇ ದಿನ. ರಾತ್ರಿ ಸೂಪರ್‌ಮಾರ್ಕೆಟ್ಟಿನಲ್ಲಿ ಅವತ್ತೇ ಮುಗಿಯುವ ಬ್ರೆಡ್ಡು, ಸೊಪ್ಪಿಗೆ ಹಳದಿ ಚೀಟಿ ಅಂಟಿಸಿ ದರ ಇಳಿಸುತ್ತಾರೆ. ಕೆಲಸ ಮುಗಿಸಿ ಬರುವಾಗ ಅದನ್ನು ತರುತ್ತೇನೆ. ಒಂದೊಂದು ದಿನ ಖಾಲಿ ಚೀಲದಲ್ಲೇ ಬರುತ್ತೇನೆ, ಇನ್ನೊಂದು ದಿನ ಐದು ಕಟ್ಟು ಕೊತ್ತಂಬರಿ ತಂದು ಬೈಸಿಕೊಳ್ಳುತ್ತೇನೆ. ಹೀಟರು ಸಂಜೆ ಮಾತ್ರ, ಪುಟ್ಟಿ ಓದುವ ಹೊತ್ತಿಗೆ.

ಇನ್ನು ತೋಟದ ಮಾತು. ಕೆರೆ ಕಡೆಯ ಒಂದು ಎಕರೆ ಮಾರಿ ದುಡ್ಡು ಕಳಿಸುತ್ತೇನೆ ಅಂದಿದ್ದೀರಂತೆ. ಖಂಡಿತ ಬೇಡ ಅಪ್ಪ. 500 ಪೌಂಡಿಗಿಂತ ಜಾಸ್ತಿ ಏನು ಕೈಗೆ ಬಂದರೂ ನಾನು ತಿಳಿಸಿ ಒಪ್ಪಿಸಬೇಕು. ನಿಮ್ಮ ಎಕರೆ ಬ್ಯಾಂಕಿಗೆ ಹೋಗುತ್ತದೆ, ಅಷ್ಟೇ. ನನ್ನ ಪಾಲನ್ನು ತಮ್ಮನ ಹೆಸರಿಗೆ ಬರೆಸಿಡಿ ಅಂತ ಮಾವ ಹೇಳಿದರೆ ಅದನ್ನೂ ಕೇಳಬೇಡಿ. ತೋಟ ನಿಮ್ಮ ಹೆಸರಲ್ಲಿದೆ, ಹಾಗೇ ಇರಲಿ. ನಾಲ್ಕು ವರ್ಷದ ಹಿಂದೆ ನೆಟ್ಟ ಸಸಿಗಳು ಇನ್ನೇನು ಹೊಂಬಾಳೆ ಬಿಡುವ ಹೊತ್ತು.

ಲಕೋಟೆಯಲ್ಲಿ ಕ್ಲೈಮ್ ಫಾರಂ ಇದೆ. ಅದನ್ನು ತುಂಬಿ ಕಳಿಸದಿದ್ದರೆ ಚಿಕ್ಕಪ್ಪನಿಗೆ ಪಾಲು ಬರಲ್ಲ. ಅವರು ನನಗೆ ದುಡ್ಡು ಹಾಕಿದ ಬ್ಯಾಂಕ್ ಚೀಟಿ ಬೀರುವಿನಲ್ಲಿ ಇರಬೇಕು, ಅದರ ಜೆರಾಕ್ಸ್ ಬೇಕು. ತಮ್ಮನಿಗೆ ಹೇಳಿ ಫಾರಂನ ಎಲ್ಲ ಪುಟದ ಫೋಟೊ ವಾಟ್ಸಾಪ್ ಮಾಡಿಸಿ. ಎಲ್ಲಿ ಏನು ಬರೆಯಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಮೊತ್ತದ ಜಾಗದಲ್ಲಿ ಚಿಕ್ಕಪ್ಪ ಸಂಕೋಚಪಟ್ಟು ಕಡಿಮೆ ಬರೆಸದೆ ಇರಲಿ, 2 ಲಕ್ಷ ಅಂತಲೇ ಬರೆಯಲಿ.

ಇಂತಿ ನಿಮ್ಮ ಮಗ