ವಾಸನೆ ಗೊತ್ತಾಗುತ್ತಾ ಅಂತ ಒಂದು ಮಾತು ಕೇಳಿ

ಮಾನ್ಯರೇ,

ಹೊಟ್ಟೆಯೊಳಗಿನ ಮಗುವಿನ ಮಿದುಳು ಹೇಗೆ ಬೆಳೆಯುತ್ತದೆ ಅಂತ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ನರಕೋಶಗಳು ಹುಟ್ಟಿದಲ್ಲೇ ಕೂರುವುದಿಲ್ಲ, ಆಸರೆ ಕೋಶಗಳ ಎಳೆ ಹಿಡಿದು ತಮ್ಮ ಜಾಗಕ್ಕೆ ಹತ್ತಿ ಹೋಗುತ್ತವೆ ಎಂದು ಸರಿಯಾಗೇ ಬರೆದಿದ್ದೀರಿ. ಆದರೆ ಒಂದು ಗುಂಪಿನ ವಿಷಯ ಬಿಟ್ಟುಹೋಗಿದೆ. ಅವು ಹುಟ್ಟುವುದು ಮಿದುಳಿನಲ್ಲೇ ಅಲ್ಲ, ಮೂಗಿನಲ್ಲಿ!

ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನ್ ಮಾಡುವ ಕೋಶಗಳಿವು. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ನಡುವೆ ಇವು ಕೆಲವೇ ಸಾವಿರ. ಬಸುರಿನ ಆರನೇ ವಾರದ ಹೊತ್ತಿಗೆ ಮೂಗಿನಿಂದ ಹೊರಡುತ್ತವೆ. ವಾಸನೆಯ ನರಗಳ ಜೊತೆ ಸಾಗುವ ಎಳೆಗಳನ್ನೇ ಹಗ್ಗದ ಹಾಗೆ ಹಿಡಿದು ಮಿದುಳಿಗೆ ದಾಟಿ, ಅದರ ತಳದಲ್ಲಿರುವ ಹೈಪೊಥಲಾಮಸ್ ಅನ್ನುವ ಭಾಗ ಸೇರುತ್ತವೆ. ಮುಂದೆ ಹರೆಯಕ್ಕೆ ಚಾಲನೆ ಕೊಡುವುದು ಇವೇ. ಆ ಹಗ್ಗವೇ ಮಿದುಳು ಮುಟ್ಟದಿದ್ದರೆ? ಕೋಶಗಳೂ ನಡುದಾರಿಯಲ್ಲೇ ನಿಲ್ಲುತ್ತವೆ. 1989ರಲ್ಲಿ ಇಂಥ ತೊಂದರೆಯಿದ್ದ 19 ವಾರದ ಭ್ರೂಣವೊಂದನ್ನು ಪರೀಕ್ಷಿಸಿದವರಿಗೆ ಕಂಡದ್ದೂ ಅದೇ, ಕೋಶಗಳು ಮಿದುಳಿನ ಹೊಸ್ತಿಲ ಕೆಳಗೇ ಸಿಕ್ಕಿಕೊಂಡಿದ್ದವು. ಕಾಲ್ಮನ್ ಸಿಂಡ್ರೋಮ್ ಅಂತ ಇದರ ಹೆಸರು. ವಾಸನೆ ಗೊತ್ತಾಗಲ್ಲ, ಹರೆಯ ತಾನಾಗಿ ಬರಲ್ಲ. ಹುಡುಗರಲ್ಲಿ ಜಾಸ್ತಿ.

ಇಷ್ಟೆಲ್ಲ ನನಗೆ ಗೊತ್ತಾದದ್ದು ನಮ್ಮ ಅಕ್ಕನ ಮಗನಿಂದ. ಹದಿನೇಳಾದರೂ ದನಿ ಒಡೆದಿರಲಿಲ್ಲ, ಮೀಸೆಯ ಸುಳಿವಿಲ್ಲ. ಕಾಲೇಜಿನಲ್ಲಿ ಹುಡುಗರು ಆಡಿಕೊಳ್ಳುತ್ತಿದ್ದರು, ಅವನು ಫೋನ್ ಎತ್ತಿದರೆ 'ಏನಮ್ಮಾ' ಅನ್ನುತ್ತಿದ್ದರು. ಇಬ್ಬರು ಡಾಕ್ಟರು ನೋಡಿ 'ಕೆಲವರಿಗೆ ತಡ, ಕಾಯಿರಿ' ಅಂದರು. ಒಂದು ದಿನ ಹಾಲು ಉಕ್ಕಿ, ತಳ ಹಿಡಿದು, ಮನೆಯೆಲ್ಲಾ ಸೀದ ವಾಸನೆ. ಇವನು ಒಲೆಯ ಪಕ್ಕದಲ್ಲೇ ಮೊಬೈಲ್ ಹಿಡಿದು ಕೂತಿದ್ದ. ಅಕ್ಕ ಸರಿಯಾಗಿ ಬೈದಳು. ಅವನು ತಣ್ಣಗೆ, 'ನನಗೆ ಯಾವತ್ತೂ ಯಾವ ವಾಸನೇನೂ ಬಂದಿಲ್ಲಮ್ಮ' ಅಂದ. ಹದಿನೇಳು ವರ್ಷ ನಮಗ್ಯಾರಿಗೂ ಗೊತ್ತೇ ಆಗಿರಲಿಲ್ಲ. ಮೂರನೇ ಡಾಕ್ಟರಿಗೆ ಈ ಮಾತು ಹೇಳಿದ್ದೇ ತಡ, ಅವರು ನೇರ ಹಾರ್ಮೋನ್ ಟೆಸ್ಟ್ ಬರೆದುಕೊಟ್ಟರು.

ತಡವಾಗಿ ಬೆಳೆಯುವ ಮಕ್ಕಳೂ ಇದ್ದಾರೆ, ಸುಮ್ನೆ ಹೆದರಬೇಕಾಗಿಲ್ಲ. ಆದರೆ ಹದಿನಾಲ್ಕು ದಾಟಿದ ಹುಡುಗನಲ್ಲಿ, ಹದಿಮೂರು ದಾಟಿದ ಹುಡುಗಿಯಲ್ಲಿ ಹರೆಯದ ಲಕ್ಷಣವೇ ಕಾಣದಿದ್ದರೆ, ಮಲ್ಲಿಗೆಯ ಪರಿಮಳ ಬರುತ್ತಾ, ಕಾಫಿ ಘಮ ಗೊತ್ತಾಗುತ್ತಾ ಅಂತ ಕೇಳಿ ನೋಡಿ, ಹೇಗೂ ದುಡ್ಡಿಲ್ಲದ ಟೆಸ್ಟ್ ಅಲ್ವಾ? ಉತ್ತರ ಏನೇ ಬರಲಿ, ಹಾರ್ಮೋನ್ ಡಾಕ್ಟರಿಗೆ ಒಮ್ಮೆ ತೋರಿಸಿ. ನಾಚಿಕೊಂಡು ಮುಚ್ಚಿಡುವವರೇ ಜಾಸ್ತಿ, ಅದಕ್ಕೇ ಮನೆಯ ವಿಷಯವನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ಅವನನ್ನು ಕೇಳಿಯೇ ಬರೆದದ್ದು.

ಈಗ ಇಂಜೆಕ್ಷನ್ ನಡೆಯುತ್ತಿದೆ. ದನಿ ಒಡೆದಿದೆ, ಕ್ಷೌರದ ಸೆಟ್ ಕೊಂಡಿದ್ದಾನೆ. ವಾಸನೆ ಮಾತ್ರ ಇವತ್ತಿಗೂ ಇಲ್ಲ. ಅಕ್ಕ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿದ್ದಾಳೆ.

– ಒಬ್ಬ ಸೋದರಮಾವ, ಹಾಸನ